ಆರು ಚುಚ್ಚು, ಆರು ಕಿಲೋ

"ನಾನೇ ಕೊಂದೆ. ನಾನೇ ಕೊಂದೆ. ನಾನೇ ಕೊಂದೆ."

ನನ್ನ ತಮ್ಮ ಉಚ್ಚೆಂಗಪ್ಪ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಸೂರು ನೋಡುತ್ತ, ಇದನ್ನೇ ಹೇಳುತ್ತಿದ್ದ. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಹೊಸಪೇಟೆಯ ಬಿಸಿಲು ಆಗಲೇ ಕಿಟಕಿಯಿಂದ ಒಳಗೆ ಬಂದು ಕುಳಿತಿತ್ತು. ಇನ್‌ಸ್ಪೆಕ್ಟರ್ ವಿರುಪಾಕ್ಷಪ್ಪ ಮೊಬೈಲನ್ನು ಅವನ ಬಾಯಿಯ ಹತ್ತಿರ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು.

ಶುಕ್ರವಾರ ಸಂಜೆಯಿಂದ ಕಾಣೆಯಾಗಿರುವ ಕಂಪ್ಲಿಯ ಮಾಲತೇಶನನ್ನು ಕೊಂದವನು ನನ್ನ ತಮ್ಮನೇ ಎಂದು ಇಡೀ ಕಮಲಾಪುರ ನಂಬಿತ್ತು. ಈಗ ತಮ್ಮನೂ ಹೌದು ಅನ್ನುತ್ತಿದ್ದ.

ನಾನು ಹಂಪಕ್ಕ. ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಕಾಲುವೆಯಿಂದ ಎತ್ತಿದ ಹೆಣಗಳ ಪಕ್ಕ ನಿಂತು ಚಹಾ ಕುಡಿದಿದ್ದೇನೆ. ಆ ಬೆಳಿಗ್ಗೆ ಮಾತ್ರ ಯಾರೋ ಕೈಗಿತ್ತ ಚಹಾವನ್ನು ಹಾಗೇ ಕಿಟಕಿಯ ಮೇಲಿಟ್ಟಿದ್ದೆ.

ಉಚ್ಚೆಂಗಪ್ಪನ ಮೈಯೆಲ್ಲ ನಡುಗುತ್ತಿತ್ತು. ಅವನ ಬೆರಳುಗಳು ಒಂದೊಂದಾಗಿ ಎಗರುತ್ತಿದ್ದವು. ಭುಜ ಇದ್ದಕ್ಕಿದ್ದಂತೆ ಜಗ್ಗುತ್ತಿತ್ತು, ತುಟಿ ಅದುರುತ್ತಿತ್ತು. ನಡುನಡುವೆ ಹೊದಿಕೆಯಿಂದ ಇಲ್ಲದ ಇರುವೆಗಳನ್ನು ಹೆಕ್ಕಿ ಕೆಳಗೆ ಹಾಕುತ್ತಿದ್ದ. ಯಶವಂತನಗರದ ಗಣಿಯಲ್ಲಿ ಹದಿನಾರು ವರ್ಷ ಡಂಪರ್ ಓಡಿಸಿದ ಕೈ ಅದು.

ಅವನ ಹೆಂಡತಿ ವಿರುಪಮ್ಮ ಗೋಡೆಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಗಳು ಸುಷ್ಮಿತಾ ಅಪ್ಪನ ಕಾಲ ಬಳಿ ಸ್ಟೀಲಿನ ಲೋಟ ಹಿಡಿದು ಕುಳಿತಿದ್ದಳು, ನಾನು ಬಂದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ.

"ನೋಡ್ರಿ ಹಂಪಕ್ಕ," ವಿರುಪಾಕ್ಷಪ್ಪ ಮೊಬೈಲು ಜೇಬಿಗೆ ಹಾಕಿಕೊಂಡರು. "ನಾವ್ಯಾರೂ ಹೊಡೆದಿಲ್ಲ, ಬಡಿದಿಲ್ಲ. ತಾನಾಗೇ ಒಪ್ಪಿಕೊಂಡಾನ. ಮೂರು ಗಂಟಿಗೆ ಮ್ಯಾಜಿಸ್ಟ್ರೇಟ್ ಸಾಹೇಬ್ರು ಬರತಾರ, ಹೇಳಿಕೆ ತಗೋತಾರ. ನೀವ ಇಲಾಖೆಯಾಗ ಇದ್ದವರು, ನಿಮಗ ನಾ ಹೇಳಬೇಕೇನು?"

"ಡಾಕ್ಟ್ರು ಇವಗ ಪ್ರಜ್ಞೆ ಐತಿ ಅಂತ ಬರಕೊಡ್ತಾರೇನ್ರಿ?"

"ಕಣ್ಣು ತೆರದಾನ. ಕೇಳಿದ್ದಕ್ಕ ಉತ್ತರ ಕೊಡ್ತಾನ. ಇನ್ನೇನು ಬೇಕು?"

ನನಗೆ ರೇಗಿತು. ಮಂಚದ ಹತ್ತಿರ ಬಗ್ಗಿ, ತಮ್ಮನ ಕೆನ್ನೆ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ಲೇ ಉಚ್ಚೆಂಗಿ, ಹಂಪಿ ಕಲ್ಲಿನ ರಥ ಕದ್ದಾಂವ ಯಾರಲೇ? ನೀನೇ ಕದ್ದೆಯೇನು?"

ಅವನ ಕಣ್ಣು ನನ್ನ ಮುಖದ ಮೇಲಿತ್ತು, ನೋಟ ಮಾತ್ರ ಎಲ್ಲೋ ಇತ್ತು. "ನಾನೇ ಕದ್ದೆ," ಅಂದ. "ನಾನೇ ಕದ್ದೆ. ನಾನೇ ಕದ್ದೆ."

"ತುಂಗಭದ್ರಾ ಡ್ಯಾಮು ಒಡದಾಂವ?"

"ನಾನೇ ಒಡದೆ."

ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಕೊನೆಗೆ ಕೇಳಿದ ಮಾತು ಯಾವುದೋ ಅದನ್ನೇ ತಿರುಗಿ ಒಪ್ಪಿಸುತ್ತಿದ್ದ ಆ ಬಾಯಿ ನನ್ನ ತಮ್ಮನದು ಅನ್ನಿಸಲೇ ಇಲ್ಲ.

"ಬರಕೊಳ್ರಿ ಸಾಹೇಬ್ರ," ಅಂದೆ. "ಒಂದು ಕೊಲಿ, ಒಂದು ರಥ, ಒಂದು ಡ್ಯಾಮು. ಮೂರೂ ಒಂದೇ ಕೇಸಿನಾಗ ಹಾಕಿಬಿಡ್ರಿ."

ವಿರುಪಾಕ್ಷಪ್ಪ ನಗಲಿಲ್ಲ. ಮತ್ತೆ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದರು. ಕಾಲುವೆಯ ತೂಬು, ಹಸಿ ಮಣ್ಣು, ಮಣ್ಣಿನಲ್ಲಿ ಅರ್ಧ ಹೂತ ಒಂದು ಕೆಂಪು ಚಪ್ಪಲಿ.

"ನಿನ್ನೆ ಸಂಜಿ ನರ್ಸಮ್ಮನ ಮುಂದ ಇವ ಹೇಳಿದ್ದು ಇದು. 'ಬುಕ್ಕಸಾಗರ ತೂಬು, ಕೆಂಪು ಚಪ್ಪಲಿ.' ಯಾರೂ ಕೇಳಿರಲಿಲ್ಲ ಹಂಪಕ್ಕ, ತಾನಾಗೇ ಹೇಳಿದ. ಹೋಗಿ ನೋಡಿದ್ವಿ, ಸಿಕ್ತು. ಮಾಲತೇಶನ ಹೆಂಡತಿ ಗುರುತು ಹಿಡದಾಳ. ಈಗ ಹೇಳ್ರಿ, ಇದನ್ನ ಇವಗ ಯಾರು ಹೇಳಿಕೊಟ್ರು?"

ಠಣ್ ಎಂದು ಲೋಟ ನೆಲಕ್ಕೆ ಬಿತ್ತು.

"ಕೈ ಜಾರಿತು ಅತ್ತಿ," ಅಂದಳು ಸುಷ್ಮಿತಾ. ಅವಳು ಬಗ್ಗಿ ಲೋಟ ಹುಡುಕಿದ ಹೊತ್ತು ಬೇಕಾದದ್ದಕ್ಕಿಂತ ಹೆಚ್ಚಾಯಿತು.

ಇವನೇ ಮಾಡಿರಬಹುದೇ ಎಂಬ ಅನುಮಾನ ಒಂದು ಗಳಿಗೆ ನನ್ನೊಳಗೂ ಬಂದು ಹೋಯಿತು. ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಾಲತೇಶ ನಮಗೆ ಹೊರಗಿನವನಲ್ಲ. ಸುಷ್ಮಿತಾಗೆ ಗೊತ್ತುಮಾಡಿದ್ದ ಕಂಪ್ಲಿಯ ಹುಡುಗನ ಸೋದರಮಾವ, ಆ ಸಂಬಂಧ ತಂದವನೂ ಅವನೇ. ಸುತ್ತಲಿನ ಊರುಗಳಿಗೆಲ್ಲ ಔಷಧಿ ಸಪ್ಲೈ ಮಾಡುವುದು ಅವನ ಕಸುಬು. ಶುಕ್ರವಾರ ಮಧ್ಯಾಹ್ನ ಅವನು ಕಮಲಾಪುರದ ಮನೆಗೆ ಬಂದು, ಇದೇ ವಾರ ನಿಶ್ಚಯ ಮಾಡಬೇಕು ಎಂದು ಹಟ ಹಿಡಿದಿದ್ದ. ಕಾಲಿನ ಗಾಯ ಕೀವಾಗಿ ಜ್ವರದಲ್ಲಿದ್ದ ನನ್ನ ತಮ್ಮ ತಾಳ್ಮೆ ಕಳೆದುಕೊಂಡು, "ಕಾಲುವೆಗೆ ನೂಕತೀನಿ ನಿನ್ನ" ಎಂದು ಬೀದಿಗೆ ಕೇಳುವಂತೆ ಕೂಗಿದ್ದ. ಸಂಜೆಯಿಂದ ಮಾಲತೇಶ ಕಾಣೆ.

"ಪಾಪ, ಇವತ್ತು ಅವ ಸಂಡೂರು ಠಾಣೆಗೆ ಬರಬೇಕಿತ್ತು," ಅಂದರು ವಿರುಪಾಕ್ಷಪ್ಪ. "ಅವನ ಔಷಧಿ ತಗೊಂಡು ಇಬ್ಬರು ಸತ್ತ ಕೇಸಿತ್ತಲ್ಲ, ಅದರ ವಿಚಾರಣೆಗೆ. ಈಗ ಆ ಕೇಸೂ ನೀರಿಗೆ ಬಿತ್ತು."

ಆ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

* * *

ನನ್ನ ತಮ್ಮನ ಎರಡೂ ಮೂತ್ರಪಿಂಡ ನಿಂತುಹೋಗಿ ಒಂದು ವರ್ಷ ನಾಲ್ಕು ತಿಂಗಳು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ, ಇದೇ ಆಸ್ಪತ್ರೆಯ ಕೆಳಗಿನ ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ತಾಸು ರಕ್ತ ತೊಳೆಸಿಕೊಂಡು ಹೋಗುತ್ತಾನೆ. ಈ ವಿಷಯ ಕಮಲಾಪುರದಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪನ ಕಿಡ್ನಿ ಹೋಗಿದೆ ಎಂದು ತಿಳಿದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಅದಕ್ಕೇ ಊರಿಗೆಲ್ಲ ಹೇಳಿದ್ದು, ಬೆನ್ನುನೋವಿಗೆ ಕರೆಂಟ್ ಇಡಿಸಲು ಹೊಸಪೇಟೆಗೆ ಹೋಗುತ್ತಾನೆ ಎಂದು. ಡಯಾಲಿಸಿಸ್ ಸೂಜಿ ಹಾಕುವ ಎಡಗೈಯ ಉಬ್ಬಿದ ರಕ್ತನಾಳ ಕಾಣಬಾರದು ಎಂದು ಸುಡುವ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಈ ನಾಟಕಕ್ಕೆ ನಾನೂ ತಲೆ ಅಲ್ಲಾಡಿಸಿದ್ದೆ.

ಆ ಸೋಮವಾರ ಅವನ ಸರದಿ ಇತ್ತು. ಆದರೆ ಇಷ್ಟು ಒದ್ದಾಡುವವನ ಕೈಗೆ ಅಷ್ಟು ದಪ್ಪ ಸೂಜಿ ಹಾಕುವುದು ಹೇಗೆ, ಕಿತ್ತರೆ ರಕ್ತ ಹೋಗಿ ಸಾಯುತ್ತಾನೆ, ಸಂಜೆ ಬಳ್ಳಾರಿಯಿಂದ ಮನೋವೈದ್ಯರು ಬಂದು ನೋಡಲಿ ಎಂದು ಡ್ಯೂಟಿ ಡಾಕ್ಟರು ತಡೆದಿದ್ದರು. ತಲೆಯ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ರಕ್ತದಲ್ಲಿ ಇಷ್ಟು ತಲೆ ಕೆಡಿಸುವಷ್ಟು ವಿಷವೂ ಏರಿರಲಿಲ್ಲ.

ಡಯಾಲಿಸಿಸ್ ಕೋಣೆಯ ಸುನಿತಾ ಮೇಲೆ ಬಂದಳು. ಮೂವತ್ತರ ಹುಡುಗಿ, ಕಮ್ಮಿ ಮಾತು, ಚುರುಕು ಕಣ್ಣು. ಗಾಲಿಕುರ್ಚಿ ಸಮೇತ ಉಚ್ಚೆಂಗಪ್ಪನನ್ನು ತೂಗಿ, ಕುರ್ಚಿಯ ತೂಕ ಕಳೆದು, ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಗುರುವಾರ ಐವತ್ತೆರಡಕ್ಕ ಇಳಿಸಿ ಕಳಿಸಿದ್ದೆ. ಈಗ ಐವತ್ತೆಂಟು. ಎಷ್ಟು ನೀರು ಕುಡಿಸೀರಿ?"

ವಿರುಪಮ್ಮ ಎದೆ ಮುಟ್ಟಿಕೊಂಡಳು. "ದೇವ್ರಾಣಿ ದಿನಕ್ಕ ಮೂರೇ ಲೋಟ. ಈ ಲೋಟದಾಗ ಅಳದು ಕೊಡತೀನ್ರಿ. ಎಷ್ಟು ಅತ್ತರೂ ಕೊಡಂಗಿಲ್ಲ. ಅಡಿಗಿಮನಿಗೆ ಬೀಗ ಹಾಕಿಕೊಂಡು ಹೋಗತೀನಿ."

"ದಿನಕ್ಕ ಮೂರು ಲೋಟ ಅಂದ್ರ ನಾಲ್ಕು ದಿನಕ್ಕ ಎರಡು ಕಿಲೋ ಏರತದ. ಆರು ಏರಂಗಿಲ್ಲ."

ವಿರುಪಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಲಾಖೆ ನನಗೆ ಕಲಿಸಿದ್ದು ಅದೊಂದೇ.

ಉಸಿರು ಎಳೆಯುತ್ತಿದ್ದವನಿಗೆ ಸೆಕೆಯಾಗದಿರಲಿ ಎಂದು ಅಂಗಿಯ ಬಲತೋಳು ಮಡಚಿದೆ. ಮೊಣಕೈಯಿಂದ ಮುಂಗೈವರೆಗೆ ಚುಚ್ಚಿದ ಗುರುತುಗಳು. ಎಣಿಸಿದೆ. ಏಳು.

"ಸುನಿತಾ, ಈ ಕೈಗೆ ನೀವು ಎಷ್ಟು ಸಲ ಚುಚ್ಚೀರಿ?"

"ನಿನ್ನೆ ರಕ್ತ ತಗಿಯಾಕ ಒಂದ ಸಲ."

"ಉಳಿದ ಆರು?"

ಸುನಿತಾ ಬಗ್ಗಿ ನೋಡಿದಳು. ನಾನು ವಿರುಪಮ್ಮನ ಕಡೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಕೈ ಹಿಡಿದು ಹೊರಗಿನ ಜಗುಲಿಗೆ ಕರೆದುಕೊಂಡು ಬಂದೆ. ಬೈದೆ, ಪುಸಲಾಯಿಸಿದೆ, ಮತ್ತೆ ಬೈದೆ. ಕೊನೆಗೆ ಬಾಯಿಬಿಟ್ಟಳು.

"ಕೊಟ್ರಯ್ಯ ಡಾಕ್ಟ್ರ ಹತ್ರ ತೋರಿಸಿದ್ವಿ ಅಕ್ಕಾ. ಕಾಲಿನ ಗಾಯಕ್ಕ. ಗುರುವಾರ ಸಂಜಿಯಿಂದ ಮುಂಜಾನಿ ಒಂದು, ಸಂಜಿಗಿ ಒಂದು ಇಂಜೆಕ್ಷನ್. ಆಮ್ಯಾಲ ಮನಿಗೇ ಬಂದು ಹಾಕಿ ಹೋಗತಿದ್ರು."

"ಅದನ್ನ ಇಲ್ಲಿ ಯಾಕ ಹೇಳಲಿಲ್ಲ?"

"ಊರಾಗಿನ ಡಾಕ್ಟ್ರ ಹತ್ರ ಹೋದ್ರ ಇವರು ಬೈತಾರ. ಹೋದ ಸಲ ನಮ್ಮ ಕಡೆ ಬರಬ್ಯಾಡ್ರಿ ಅಂದಿದ್ರು."

"ಕೊಟ್ರಯ್ಯಗ ಕಿಡ್ನಿ ವಿಷಯ ಹೇಳಿದಿಯೇನು?"

ಅವಳು ತಲೆ ತಗ್ಗಿಸಿದಳು. ಅಲ್ಲಿ ಕಿಡ್ನಿ ಮುಚ್ಚಿಟ್ಟಿದ್ದಳು, ಇಲ್ಲಿ ಇಂಜೆಕ್ಷನ್ ಮುಚ್ಚಿಟ್ಟಿದ್ದಳು. ಅವಳಿಗೆ ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಸುಳ್ಳಿನಲ್ಲಿ ನನ್ನ ಪಾಲೂ ಇತ್ತಲ್ಲ.

ಗಡಿಯಾರ ನೋಡಿದೆ. ಹತ್ತೂ ಕಾಲು. ಮ್ಯಾಜಿಸ್ಟ್ರೇಟರು ಬರಲು ಐದು ತಾಸೂ ಇರಲಿಲ್ಲ.

* * *

ಕಮಲಾಪುರದಲ್ಲಿ ಕೊಟ್ರಯ್ಯನ ಕ್ಲಿನಿಕ್ಕಿನ ಶಟರು ಅರ್ಧ ಇಳಿದಿತ್ತು. ಸೋಮವಾರ ಹನ್ನೊಂದು ಗಂಟೆಗೆ ಇಪ್ಪತ್ತು ಜನ ಕುಳಿತಿರುವ ಜಾಗ, ಅವತ್ತು ಬೆಂಚು ಖಾಲಿ. ಸ್ಕೂಟಿ ನಿಲ್ಲಿಸಿ, ಬಗ್ಗಿ ಒಳಗೆ ನುಸುಳಿದೆ.

ಐವತ್ತೈದರ ಕೊಟ್ರಯ್ಯ, ಹಣೆಗೆ ವಿಭೂತಿ ಹಚ್ಚಿಕೊಂಡು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕಸದ ಡಬ್ಬಿಯಿಂದ ಗಾಜಿನ ಬಾಟಲಿಗಳನ್ನು ಕಪ್ಪು ಕವರಿಗೆ ತುಂಬುತ್ತಿದ್ದ. ಮೂವತ್ತು ವರ್ಷ ದೊಡ್ಡ ಡಾಕ್ಟರೊಬ್ಬರ ಕೈಕೆಳಗೆ ಕಾಂಪೌಂಡರ್ ಆಗಿದ್ದು, ಅವರು ತೀರಿಕೊಂಡ ಮೇಲೆ ತಾನೇ ಡಾಕ್ಟರಾದವನು. ಅವನ ಕೈಗುಣ ಚೆನ್ನಾಗಿದೆ ಅನ್ನುವವರು ಬುಕ್ಕಸಾಗರದವರೆಗೂ ಇದ್ದಾರೆ. ನನ್ನ ಮಂಡಿನೋವಿಗೆ ನಾನೂ ಇಲ್ಲಿಗೇ ಬರುತ್ತೇನೆ.

"ಇವತ್ತು ರಜಾ ಹಂಪಕ್ಕ," ಅಂದ. ಕವರು ಬೆನ್ನ ಹಿಂದೆ ಹೋಯಿತು.

"ಕಸ ಚೆಲ್ಲಾಕ ರಜಾ ಹಾಕೀಯೇನು? ಇಲ್ಲಿ ಕೊಡು."

"ಏನಿಲ್ಲ ಅದರಾಗ."

"ಏನೂ ಇಲ್ಲದ್ದಕ್ಕ ಇಷ್ಟು ಬೆವರು ಯಾಕ? ಕೊಡು ಕೊಟ್ರಯ್ಯ. ನಾ ಕೇಳಿದ್ರ ಬೈಗಳು. ವಿರುಪಾಕ್ಷಪ್ಪ ಸಾಹೇಬ್ರು ಕೇಳಿದ್ರ ಬ್ಯಾರೇನ."

ಅವನು ಕೊಡಲಿಲ್ಲ. ನಾನೇ ಎಳೆದುಕೊಂಡೆ. ಮೇಜಿನ ಮೇಲೆ ಸುರುವಿ ಒಂದೇ ಹೆಸರಿನವನ್ನು ಬೇರೆ ಮಾಡಿದೆ. ಹನ್ನೆರಡು ಖಾಲಿ ಬಾಟಲಿ, ಒಂದೊಂದೂ ಒಂದು ಗ್ರಾಂ. ಮೇಲೆ ಸೆಫೆಪೈಮ್ ಎಂದು ಬರೆದಿತ್ತು.

"ನನ್ನ ತಮ್ಮಗ ಕೊಟ್ಟದ್ದು ಇದೇನಾ?"

"ಜ್ವರಕ್ಕ ಒಂದು ಇಂಜೆಕ್ಷನ್ ಕೊಟ್ಟೀನಿ ಅಷ್ಟ."

"ಅವನ ಕೈಮ್ಯಾಲ ಆರು ಚುಚ್ಚು ಎಣಿಸಿ ಬಂದೀನಿ. ಸಲಕ್ಕ ಎರಡು ಬಾಟ್ಲಿ ಅಂದ್ರ ಹನ್ನೆರಡು. ಲೆಕ್ಕ ಸರಿ ಐತಿ, ನಿನ್ನ ಮಾತು ಸರಿ ಇಲ್ಲ."

ಬಾಟಲಿಗಳ ಫೋಟೋ ತೆಗೆದು ಸುನಿತಾಗೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಫೋನು ಬಂತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಅಕ್ಕಾ, ಇದನ್ನ ಎಷ್ಟು ಕೊಟ್ಟಾರ?"

"ಮುಂಜಾನಿ ಎರಡು ಗ್ರಾಂ, ಸಂಜಿಗಿ ಎರಡು. ಗುರುವಾರ ಸಂಜಿಯಿಂದ ನಿನ್ನೆ ಮುಂಜಾನಿ ಮಟ."

ಆ ಕಡೆ ಸುನಿತಾ ಉಸಿರು ಎಳೆದುಕೊಂಡದ್ದು ಕೇಳಿಸಿತು. "ನಮ್ಮ ಪೇಷಂಟ್‌ಗೆ ದಿನಕ್ಕ ಅರ್ಧ ಗ್ರಾಂ ಅಕ್ಕಾ. ಡಯಾಲಿಸಿಸ್ ಇದ್ದ ದಿನ ಅದು ಮುಗಿದ ಮ್ಯಾಲ. ಈ ಔಷಧಿ ಹೊರಗ ಹೋಗೋದ ಮೂತ್ರದಾಗ. ಇವರಿಗೆ ಮೂತ್ರಾನ ಇಲ್ಲ. ಒಳಗ ಸೇರಿಕೋತಾ ಸೇರಿಕೋತಾ ಮೆದುಳಿಗೆ ಏರತದ. ಕೈಕಾಲು ಜಗ್ಗೋದು, ಇರುವಿ ಕಾಣೋದು, ಒಂದೇ ಮಾತು ತಿರುಗಿ ತಿರುಗಿ ಹೇಳೋದು... ಎಲ್ಲಾ ಅದೇ. ಇವರಿಗೆ ಹುಚ್ಚು ಹಿಡಿದಿಲ್ಲ. ಹಿಂಗ ಬಿಟ್ರ ಫಿಟ್ಸ್ ಬಂದು ಹೋಗಿಬಿಡ್ತಾರ. ನಾ ಈಗ್ಲೇ ದೊಡ್ಡ ಡಾಕ್ಟ್ರಿಗೆ ಫೋನ್ ಹಚ್ಚತೀನಿ. ರಕ್ತ ತೊಳದ್ರ ಇದು ಇಳೀತದ."

"ಹಚ್ಚವ್ವ, ಜಲ್ದಿ ಹಚ್ಚು."

ಕೊಟ್ರಯ್ಯ ರೋಗಿಗಳ ಸ್ಟೂಲಿನ ಮೇಲೆ ಕುಸಿದು ಕುಳಿತಿದ್ದ. ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ಡಯಾಲಿಸಿಸ್ ಅಂದ್ಳು," ಅಂದ. "ಯಾರಿಗೆ ಡಯಾಲಿಸಿಸ್?"

"ನನ್ನ ತಮ್ಮಗ. ಒಂದು ವರ್ಷ ಆತು."

"ಅಯ್ಯೋ ಶಿವನೇ." ಎರಡೂ ಕೈ ತಲೆಯ ಮೇಲೆ ಹೋದವು. "ನಾ ಕೇಳಿದ್ದೆ ಹಂಪಕ್ಕ. ಬಾಯಿಬಿಟ್ಟು ಕೇಳಿದ್ದೆ. ಸಕ್ಕರಿ ಐತೇನವ್ವ, ಬೀಪಿ ಐತೇನು, ಕಿಡ್ನಿ ತ್ರಾಸ ಐತೇನು ಅಂತ ಒಂದೊಂದಾಗಿ ಕೇಳಿದ್ದೆ. ವಿರುಪಮ್ಮ ಏನೂ ಇಲ್ರಿ, ಬೆನ್ನಿಗೆ ಕರೆಂಟ್ ಇಡಸ್ತಾರ ಅಷ್ಟ ಅಂದ್ಳು."

"ಆಗ ಇಲ್ಲಿ ಮತ್ಯಾರಿದ್ರು?"

ಅವನ ಕಣ್ಣು ಗೋಡೆಯ ಪಕ್ಕದ ಬೆಂಚಿನ ಮೇಲೆ ಹೋಗಿ ನಿಂತಿತು.

"ಮಾಲತೇಶ," ಅಂದ. "ಅಲ್ಲೇ ಕುಂತಿದ್ದ. ಔಷಧಿ ಕೊಡಾಕ ಬಂದಿದ್ದ."

ಬೀಗರ ಮುಂದೆ ವಿರುಪಮ್ಮ ಹೇಗೆ ಹೇಳಿಯಾಳು? ಹುಡುಗನ ಸೋದರಮಾವ ಮೂರು ಅಡಿ ದೂರದಲ್ಲಿ ಕುಳಿತಿರುವಾಗ, ನನ್ನ ಗಂಡನಿಗೆ ಕಿಡ್ನಿಯಿಲ್ಲ ಎಂದು ಯಾವ ತಾಯಿ ಹೇಳಿಯಾಳು?

"ಇಷ್ಟು ದೊಡ್ಡ ಇಂಜೆಕ್ಷನ್ ನೀನೇ ಆರಿಸಿದಿಯೇನು?"

"ನಾ ಸಣ್ಣದು ಕೊಡಾಂವಿದ್ದೆ. ಮಾಲತೇಶನ ಎದ್ದು ಬಂದು ಗಾಯ ನೋಡಿ, ಇದು ಭಾಳ ಕೆಟ್ಟ ಕೀವು, ಸಣ್ಣದಕ್ಕ ಬಗ್ಗಂಗಿಲ್ಲ, ಇದನ್ನ ಹಾಕು ಅಂತ ತನ್ನ ಬ್ಯಾಗಿನಿಂದ ತಗದುಕೊಟ್ಟ. ಎರಡೆರಡು ಗ್ರಾಂ ಹಾಕು, ನಮ್ಮ ಬೀಗರು, ಜಲ್ದಿ ಆರಾಮ ಆಗಬೇಕು ಅಂದ. ಈಗ ಅವ ಹೋಗ್ಯಾನ. ನಿನ್ನ ತಮ್ಮ ಹಿಂಗಾಗ್ಯಾನ. ಇಬ್ಬರ ನಡುವ ನಾ ಸಿಕ್ಕೊಂಡೆ."

ಅವನು ಅಳತೊಡಗಿದ. ಆ ಅಳು ನಿಜವಾದದ್ದು. ಕೊಟ್ರಯ್ಯ ಹೆದರುಪುಕ್ಕಲ ಎಂಬುದರಲ್ಲಿ ಅನುಮಾನವಿಲ್ಲ, ಕೊಲೆಗಾರನಂತೂ ಅಲ್ಲ.

ಮೇಜಿನ ಮೇಲಿನ ಫೋನು ಇನ್ನೂ ಕಟ್ ಆಗಿರಲಿಲ್ಲ. ಸುನಿತಾ ಬೇರೆ ಫೋನಿನಿಂದ ಡಾಕ್ಟರ ಜೊತೆ ಮಾತಾಡಿ ಮುಗಿಸಿದ್ದಳು.

"ಅಕ್ಕಾ, ಡಾಕ್ಟ್ರು ಹೊರಟ್ರು. ನಿದ್ದಿ ಔಷಧಿ ಕೊಟ್ಟು ಮಿಷನ್‌ಗೆ ಹಾಕ್ರಿ ಅಂದಾರ. ಅಕ್ಕಾ... ಅಲ್ಲಿ ಈಗ ಯಾರೋ ಮಾಲತೇಶ ಅಂದ್ರಲ್ಲ, ಕಂಪ್ಲಿಯವರಾ? ಔಷಧಿ ಸಪ್ಲೈ ಮಾಡೋರಾ?"

"ಹೌದು. ನಿನಗ ಗೊತ್ತೇನು?"

"ನಮ್ಮ ರೂಮಿಗೆ ಪೈಪು, ಸಲೈನು ತಂದು ಹಾಕೋರು ಅವರ. ಹೋದ ತಿಂಗಳು ಒಂದು ಗುರುವಾರ ಬಂದಾಗ ಉಚ್ಚೆಂಗಪ್ಪಣ್ಣ ಮಿಷನ್ ಮ್ಯಾಲ ಮಲಗಿದ್ರು, ನಿದ್ದಿಯಾಗಿದ್ರು. ಇವರು ಮಂಚದ ಹತ್ರ ನಿಂತು ಭಾಳ ಹೊತ್ತು ನೋಡಿದ್ರು. 'ಇವರಿಗೆ ಎಷ್ಟು ದಿನದಿಂದ?' ಅಂತ ಕೇಳಿದ್ರು. ನಾ ಹೇಳಿಬಿಟ್ಟೆ. ತಪ್ಪಾತೇನು ಅಕ್ಕಾ?"

ಬೆಂಚನ್ನೇ ನೋಡುತ್ತಿದ್ದೆ. ಮಾಲತೇಶನಿಗೆ ಎಲ್ಲ ಗೊತ್ತಿತ್ತು. ತಾನು ಅಲ್ಲಿ ಕುಳಿತಿರುವವರೆಗೆ ವಿರುಪಮ್ಮ ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಕುಳಿತಿದ್ದ.

ಹಾಗಾದರೆ ಕೊಲ್ಲಲು ಹೊರಟವನು ಅವನು. ಅಂಥವನು ತಾನೇ ಸತ್ತದ್ದು ಹೇಗೆ?

* * *

ಮಧ್ಯಾಹ್ನ ಒಂದೂವರೆಗೆ ಉಚ್ಚೆಂಗಪ್ಪನನ್ನು ಮಿಷನ್‌ಗೆ ಹಾಕಿದರು. ಸುನಿತಾ ನಾಲ್ಕು ತಾಸೂ ಅವನ ಎಡಗೈ ಹಿಡಿದುಕೊಂಡೇ ಕುಳಿತಿದ್ದಳು. ಇವನಿಗೆ ಪ್ರಜ್ಞೆ ಸರಿಯಿಲ್ಲ ಎಂದು ದೊಡ್ಡ ಡಾಕ್ಟರು ಬರೆದುಕೊಟ್ಟರು, ಮೂರಕ್ಕೆ ಬಂದ ಮ್ಯಾಜಿಸ್ಟ್ರೇಟರು ಹಾಗೇ ಹಿಂದಿರುಗಿದರು. ವಿರುಪಾಕ್ಷಪ್ಪ ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ, "ಔಷಧಿ ಚಪ್ಪಲಿ ತೋರಿಸಂಗಿಲ್ಲ ಹಂಪಕ್ಕ," ಎಂದು ಹೇಳಿ ಹೋದರು.

ಮಂಗಳವಾರ ಮತ್ತೊಮ್ಮೆ ರಕ್ತ ತೊಳೆದರು. ಬೆರಳು ಎಗರುವುದು ಕಮ್ಮಿಯಾಯಿತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಕಣ್ಣು ಬಿಟ್ಟು, ನನ್ನನ್ನೇ ನೋಡಿ, "ಅಕ್ಕಾ, ಯಾವಾಗ ಬಂದಿ? ಉಂಡಿಯೇನು?" ಅಂದ.

ನಾನು ಅತ್ತುಬಿಟ್ಟೆ. ಪೇದೆಯ ಮುಂದೆ, ಪಕ್ಕದ ಮಂಚದ ಮುದುಕಿಯ ಮುಂದೆ, ಮೂಗು ಸೋರಿಸಿಕೊಂಡು ಅತ್ತೆ. ಅಳು ನಿಂತ ಮೇಲೆ ರಥದ ಪ್ರಶ್ನೆ ಕೇಳಿದೆ.

"ತಲಿ ಕೆಟ್ಟೈತೇನು ನಿನಗ?" ಅಂದ ತಮ್ಮ.

ವಿರುಪಾಕ್ಷಪ್ಪ ಹತ್ತು ನಿಮಿಷದಲ್ಲಿ ಬಂದರು. ಕುರ್ಚಿ ಎಳೆದುಕೊಂಡು ಕುಳಿತು, ನಿಧಾನವಾಗಿ ಕೇಳಿದರು. ಉಚ್ಚೆಂಗಪ್ಪನಿಗೆ ಶುಕ್ರವಾರದ ಜಗಳ ನೆನಪಿತ್ತು. ಮಾಲತೇಶ ಸತ್ತ ಸುದ್ದಿ ಕೇಳಿ ಅವನ ಬಾಯಿ ತೆರೆದೇ ಉಳಿಯಿತು. ಜಗಳ ಆದ ಮೇಲೆ ಮಂಚ ಬಿಟ್ಟು ಎದ್ದಿಲ್ಲ, ಕಾಲು ಊರಲು ಆಗುತ್ತಿರಲಿಲ್ಲ ಅಂದ. ಆಮೇಲಿನದೆಲ್ಲ ರಾಡಿ.

"ಗ್ವಾಡಿ ತುಂಬ ಇರುವಿ ಹರೀತಿದ್ವು ಸಾಹೇಬ್ರ. ಸತ್ತ ನಮ್ಮಪ್ಪ ಬಂದು ಬಾಗಿಲದಾಗ ನಿಂತಿದ್ದ. ಆಮ್ಯಾಲ ಮಾಲತೇಶ ಬಂದ."

"ಯಾವಾಗ?"

"ಜಗಳದ ಮರುದಿನ. ಬಿಸಿಲಿತ್ತು. ಈಕಿ ನಾಟಿ ಮಾಡಾಕ ಬುಕ್ಕಸಾಗರಕ್ಕ ಹೋಗಿದ್ಳು. ಅವ ನನ್ನ ಮಗ್ಗಲಿಗೆ ಕುಂತ. 'ಹೇಳು, ಬುಕ್ಕಸಾಗರ ತೂಬು, ಕೆಂಪು ಚಪ್ಪಲಿ, ನಾನೇ ಕೊಂದೆ' ಅಂತ ಕಿವಿಯಾಗ ಹೇಳಿಕೊಟ್ಟ. ಹೇಳಿದ್ರ ನೀರು ಕೊಡತಿದ್ದ ಅಕ್ಕಾ. ಹೇಳಿದಷ್ಟು ಸಲ ಕೊಡತಿದ್ದ. ನನಗ ಭಾಳ ನೀರಡಿಕಿ ಆಗಿತ್ತು."

ವಿರುಪಾಕ್ಷಪ್ಪ ಎದ್ದು ನಿಂತರು. "ಇರುವಿ, ಸತ್ತ ಅಪ್ಪ, ಮಾಲತೇಶ. ಮೂರೂ ಔಷಧಿ ತೋರಿಸಿದ್ದೇ ಹಂಪಕ್ಕ. ಒಂದನ್ನಷ್ಟ ಖರೇ ಅಂತ ಹ್ಯಾಂಗ ಹಿಡೀಲಿ?"

"ಆರು ಕಿಲೋ," ಅಂದೆ.

"ಏನು?"

"ದಿನಕ್ಕ ಮೂರು ಲೋಟದ ನೀರಿಗೆ ನಾಲ್ಕು ದಿನದಾಗ ಎರಡು ಕಿಲೋ ಏರತದಂತ. ಇವ ಆರು ಏರಿದ್ದ. ಅಡಿಗಿಮನಿಗೆ ಬೀಗ ಇತ್ತು, ಇವಗ ಎದ್ದು ನಡಿಯಾಕ ಬರತಿರಲಿಲ್ಲ. ಉಳಿದ ನಾಲ್ಕು ಕಿಲೋ ನೀರು ಯಾರು ಕುಡಿಸಿದ್ರು? ಇಲ್ಲದ ಮನಷ್ಯಾ ಕುಡಿಸಿದ ನೀರು ತಕ್ಕಡಿಯಾಗ ತೂಗತೈತೇನ್ರಿ ಸಾಹೇಬ್ರ?"

ಅವರು ಮತ್ತೆ ಕುಳಿತರು. ಬಾಗಿಲಲ್ಲಿ ನಿಂತಿದ್ದ ಸುನಿತಾ ತಲೆಯಾಡಿಸಿದಳು. ಸಂಡೂರಿನ ಕೇಸು ಆಗ ನನ್ನ ತಲೆಗೆ ಹೋಯಿತು. ಸತ್ತವನನ್ನು ಯಾವ ಠಾಣೆಯೂ ವಿಚಾರಣೆಗೆ ಕರೆಯುವುದಿಲ್ಲ. ಸತ್ತನೆಂದು ನಂಬಿಸಲು ಅವನಿಗೆ 'ನಾನೇ ಕೊಂದೆ' ಅನ್ನುವ ಒಂದು ಬಾಯಿ ಬೇಕಿತ್ತು.

ಮಾಲತೇಶ ಸತ್ತಿರಲಿಲ್ಲ.

"ಆದ್ರ ಮನಿಯೊಳಗ ಹ್ಯಾಂಗ ಬಂದ?" ವಿರುಪಾಕ್ಷಪ್ಪನ ದನಿ ಇಳಿದಿತ್ತು. "ಹಗಲಿನಾಗ, ಬಾಗಿಲು ಹಾಕಿದ ಮನಿಗೆ?"

ಉಚ್ಚೆಂಗಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನು ಅಳುತ್ತಿದ್ದಾನೆ ಎಂದು ನನಗೆ ತಡವಾಗಿ ತಿಳಿಯಿತು.

"ಅದೂ ಔಷಧಿ ತೋರಿಸಿದ್ದು ಅಂತ ಬರಕೊಳ್ರಿ ಸಾಹೇಬ್ರ," ಅಂದ.

"ಯಾರು ತಗದ್ರಲೇ ಬಾಗಿಲ?" ನಾನು ಅವನ ಭುಜ ಹಿಡಿದೆ.

"ಸುಷ್ಮಿ."

ನೆಲಕ್ಕೆ ಬಿದ್ದ ಲೋಟ ನೆನಪಾಯಿತು. ಅದನ್ನು ಹುಡುಕುತ್ತ ಬಗ್ಗಿದ್ದ ಆ ತಲೆ ನೆನಪಾಯಿತು. ಮಾಲತೇಶ ಬದುಕಿದ್ದಾನೆ ಎಂದು ಹೇಳಬಲ್ಲ ಇನ್ನೊಂದು ಜೀವ ಮೂರು ದಿನದಿಂದ ನನ್ನ ಪಕ್ಕದಲ್ಲೇ ಕುಳಿತಿತ್ತು, ನಾನು ಅವಳ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಏನು ಹೇಳಿ ಹೆದರಿಸಿದ್ದನೋ ಅವಳನ್ನು.

ಕಾಲ ಬಳಿಯ ಸ್ಟೂಲು ಖಾಲಿ ಇತ್ತು. ಲೋಟ ಅದರ ಮೇಲೆ ಬೋರಲಾಗಿ ಕುಳಿತಿತ್ತು.

"ವಿರುಪಮ್ಮ, ಸುಷ್ಮಿ ಎಲ್ಲಿ?"

ವಿರುಪಮ್ಮ ಬಾಗಿಲ ಹೊರಗಿನಿಂದ ಒಳಗೆ ಬಂದಳು. ನಾಲ್ಕು ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ನೆಮ್ಮದಿ ಇತ್ತು.

"ಕಂಪ್ಲಿ ಬೀಗರ ಕಡೆಯಿಂದ ಫೋನ್ ಬಂದಿತ್ತು ಅಕ್ಕಾ. ಹುಡುಗಿ ಊಟ ನಿದ್ದಿ ಇಲ್ಲದ ಬಡಕಾಗ್ಯಾಳ, ಎರಡು ದಿನ ನಮ್ಮನಿಯಾಗ ಇರಲಿ ಅಂದ್ರು. ಕೆಳಗ ಕಾರು ಕಳಿಸಿದ್ರು. ಆಕಿ ಒಲ್ಲೆ ಒಲ್ಲೆ ಅಂತ ಅತ್ಳು," ಅಂದಳು. "ನಾನ ಗದರಿಸಿ ಹತ್ತಿಸಿ ಕಳಿಸಿದೆ. ಆಗಲೇ ಅರ್ಧ ತಾಸಾತು."